ಗಂಟು ಕಾಣುವಷ್ಟು ನೆಟ್‌ವರ್ಕ್

ನನ್ನ ನಾದಿನಿಯ ಎಡ ಅಂಗೈ ಯಾವಾಗಲೂ ಯಾವುದಕ್ಕಾದರೂ ಆನಿಕೊಂಡೇ ಇರುತ್ತಿತ್ತು. ಗೋಡೆಗೆ, ಬಾಗಿಲ ಚೌಕಟ್ಟಿಗೆ, ಮಗ್ಗದ ಕಟ್ಟಿಗೆ. ಏನೂ ಸಿಗದಿದ್ದರೆ ಕುಳಿತಲ್ಲೇ ನೆಲಕ್ಕೆ. ಆ ಅಂಗೈಯ ನಡುಭಾಗ ತಿಕ್ಕಿಟ್ಟ ತಾಮ್ರದ ತಂಬಿಗೆಯ ತಳದಂತೆ ನುಣ್ಣಗೆ ಹೊಳೆಯುತ್ತಿತ್ತು. ಹಿಂಬಾಗಿಲು ತೆರೆದದ್ದು, ಬಚ್ಚಲಲ್ಲಿ ಕೊಡ ಇಳಿಸಿದ್ದು, ಶೆಡ್ಡಿನಲ್ಲಿ ಓಡುತ್ತಿದ್ದ ನಾಲ್ಕು ಮಗ್ಗಗಳಲ್ಲಿ ಒಂದು ನಿಂತದ್ದು, ಎಲ್ಲವೂ ಅವಳಿಗೆ ಆ ಅಂಗೈಯಿಂದಲೇ ತಿಳಿಯುತ್ತಿತ್ತು. ನಿಂತದ್ದು ಯಾವ ಮಗ್ಗ ಎಂದು ಸಹ ಅಡುಗೆಮನೆಯಲ್ಲಿ ಕುಳಿತೇ ಬೆರಳು ತೋರಿಸುತ್ತಿದ್ದಳು. ಅವಳಿಗೆ ಕಿವಿ ಒಂದಿಷ್ಟೂ ಕೇಳುತ್ತಿರಲಿಲ್ಲ. ಹಾಗಾಗಿ ಮಾತೂ ಬಂದಿರಲಿಲ್ಲ. ಎಳೆಯ ಕೂಸಾಗಿದ್ದಾಗ ಜ್ವರ ಬಂದು ಹೀಗಾಯಿತು ಎಂದು ಮನೆಯಲ್ಲಿ ಹೇಳುತ್ತಿದ್ದರು. ಓಣಿಯವರು ಅವಳನ್ನು ಏನೆಂದು ಕರೆಯುತ್ತಿದ್ದರೋ ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮೊಮ್ಮಕ್ಕಳೇ, ದೊಡ್ಡವಳಿಗೆ ಅವಳ ನೆನಪು ಅಷ್ಟಿಷ್ಟು ಇರಬಹುದು. ಸಣ್ಣವನಿಗೆ ಏನೂ ಇರಲಿಕ್ಕಿಲ್ಲ. ನಿಮಗೆ ಯಾರಾದರೂ ಹೇಳಬೇಕು, ನನ್ನ ಬಿಟ್ಟರೆ ಹೇಳುವವರಿಲ್ಲ. ನಾನು ಹಿಪ್ಪರಗಿ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ನಾಲ್ಕು ಜನರ ಮುಂದೆ ಬಾಯಿ ಬಿಡಲು ಇಂದಿಗೂ ನಾಚಿಕೆ. ಬರೆಯುವಾಗ ಯಾರೂ ನನ್ನನ್ನು ನೋಡುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಮದುವೆಯಾಗಿ ಬನಹಟ್ಟಿಗೆ ಬಂದ ಹೊಸತರಲ್ಲಿ ನಾನು ಹೆದರಿದ್ದು ಅತ್ತೆಮಾವಂದಿರಿಗಲ್ಲ, ಮಗ್ಗಗಳ ಸದ್ದಿಗೆ. ಹಗಲಿಡೀ ಓಣಿಯ ತುಂಬ ಖಟಖಟ. ಮನೆಗೆ ಅಂಟಿಕೊಂಡೇ ಶೆಡ್ಡು, ಒಳಗೆ ಕಾಲಿಟ್ಟರೆ ಪಕ್ಕದಲ್ಲಿ ನಿಂತವರು ಒದರಿದರೂ ಕೇಳುತ್ತಿರಲಿಲ್ಲ. ಅಲ್ಲಿ ಎಲ್ಲರೂ ಕೈಯಿಂದಲೇ ಮಾತಾಡುತ್ತಿದ್ದರು. ಚಹಾ ಬಂತು, ನೂಲು ಹರಿಯಿತು, ಕರೆಂಟು ಹೋಗುವ ಹೊತ್ತಾಯಿತು, ಸೇಠಜಿ ಬಂದರು, ಎಲ್ಲಕ್ಕೂ ಒಂದೊಂದು ಕೈ. ಸೇಠಜಿಯೆಂದರೆ ಹೊಟ್ಟೆಯ ಮುಂದೆ ದೊಡ್ಡದಾಗಿ ಒಂದು ಸುತ್ತು. ಆ ಶೆಡ್ಡಿನೊಳಗೆ ನನ್ನ ನಾದಿನಿ ಎಲ್ಲರಂತೆಯೇ. ನಿಜ ಹೇಳಬೇಕೆಂದರೆ ಅಲ್ಲಿ ಕಿವುಡರಾಗಿದ್ದವರು ನಾವು, ಅವಳಲ್ಲ. ಹೊರಗೆ ಬಂದ ಕೂಡಲೇ ಎಲ್ಲರೂ ಬಾಯಿಗೆ ಮರಳುತ್ತಿದ್ದರು. ಅವಳು ಕಂಡಿಕಿ ಸುತ್ತುವ ಚಕ್ರದ ಮುಂದೆ ಹೋಗಿ ಕುಳಿತುಬಿಡುತ್ತಿದ್ದಳು. ಕಂಡಿಕಿ ಎಂದರೆ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿ. ನಮ್ಮ ಮನೆಯ ಕಂಡಿಕಿ ಅಷ್ಟೂ ಅವಳ ಕೈಯದೇ.

ಅವಳು ಮದುವೆಯಾಗಲಿಲ್ಲ. ನಿಮ್ಮ ಅವ್ವ ಹುಟ್ಟಿದಾಗ ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡವಳು, ಹಾಲು ಕುಡಿಸುವ ಹೊತ್ತಿಗೆ ಮಾತ್ರ ಮರಳಿ ಕೊಡುತ್ತಿದ್ದಳು. ನಿಮ್ಮ ಅವ್ವ ಬಾಯಿಂದ ಮಾತು ಕಲಿಯುವ ಮೊದಲು ಕೈಯಿಂದ ಕಲಿತಳು. ಅದು ಶೆಡ್ಡಿನ ನಾಲ್ಕು ಕೈಸನ್ನೆ ಅಲ್ಲ. ಅವರಿಬ್ಬರೂ ಸೇರಿ ಕಟ್ಟಿಕೊಂಡ ಇಡೀ ಒಂದು ಭಾಷೆ. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತು ಇತ್ತು. ಗಲ್ಲದ ಕುಳಿಗೆ ಬೆರಳಿಟ್ಟರೆ ನಿಮ್ಮ ಅವ್ವ. ಹುಬ್ಬು ಗಂಟಿಕ್ಕಿದರೆ ನಿಮ್ಮ ಅಜ್ಜ. ಸೆರಗು ಎಳೆದುಕೊಂಡು ಮುಖ ಮುಚ್ಚಿದಂತೆ ಮಾಡಿದರೆ ನಾನು. ನನ್ನ ನಾಚಿಕೆಯನ್ನು ಅವಳು ಅಷ್ಟು ಸಣ್ಣದರಲ್ಲಿ ಮುಗಿಸಿಬಿಟ್ಟಿದ್ದಳು. ನನಗೆ ಊಟ, ನೀರು, ಬಾ, ಹೋಗು, ಬಿಸಿಲು, ಸಂತೆ, ಇಷ್ಟೇ ಬರುತ್ತಿತ್ತು. ಕೈ ಎತ್ತಿ ಮಾತಾಡಿದರೆ ಓಣಿಯವರು ನಿಂತು ನೋಡುತ್ತಾರೆ ಎಂದು ನನಗೆ ಸಂಕೋಚ.

ನಿಮ್ಮ ಅವ್ವನನ್ನು ನೋಡಲು ಬೀಳಗಿ ಕಡೆಯವರು ಬಂದ ದಿನ, ನಾದಿನಿ ಒಳಗೇ ಇರಲಿ ಎಂದು ಹಿರಿಯರು ಗುಸುಗುಸು ಮಾತಾಡಿಕೊಂಡರು. ಅವಳಿಗೆ ಯಾರೂ ಹೇಳಲಿಲ್ಲ, ಆದರೆ ಮುಖ ನೋಡಿಯೇ ತಿಳಿದುಕೊಂಡಿರಬೇಕು. ಹೊಸ ಸೀರೆ ಉಟ್ಟು, ಹೂ ಮುಡಿದು, ಚಹಾದ ತಾಟನ್ನು ನನ್ನ ಕೈಯಿಂದ ಕಸಿದುಕೊಂಡು ನೇರವಾಗಿ ಪಡಸಾಲೆಗೆ ಹೋದಳು. ಒಬ್ಬೊಬ್ಬರ ಮುಂದೆಯೂ ನಿಂತು ಕಪ್ಪು ಕೊಟ್ಟಳು. ಬಂದವರಲ್ಲಿ ಒಬ್ಬ ಹಿರಿಯರು ಕೇಳಿಯೇಬಿಟ್ಟರು, "ಇದು ಮನಿತನದಾಗ ಬಂದದ್ದೇನ್ರಿ?" ನಿಮ್ಮ ಅಜ್ಜ, "ಇಲ್ರಿ, ಸಣ್ಣಾಕಿದ್ದಾಗ ಜ್ವರಾ ಬಂದಿದ್ದು," ಎಂದರು. ನಾವೆಲ್ಲರೂ ಅದನ್ನೇ ನಂಬಿದ್ದೆವು. ಮದುವೆ ನಡೆಯಿತು.

ನಿಮ್ಮ ಅಪ್ಪನ ಹಳೆಯ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಮೇಲಿನ ಬಯಲಿನಲ್ಲಿ ಹೊಸ ಊರು ಕಟ್ಟಿದ್ದರು. ನಿಮ್ಮ ಅವ್ವ ಹೋದದ್ದು ಅಲ್ಲಿಗೆ. ಆಗ ಒಂದೆರಡು ದಿನ ಅತ್ತು ಸುಮ್ಮನಾದವಳು ನಾನು. ನಾದಿನಿ ಅಳಲಿಲ್ಲ. ಅವಳ ಬಲಗೈಗೆ ಮಾತಾಡುವ ಕೆಲಸವೇ ಇಲ್ಲವಾಯಿತು. ನೂಲು ಬಿಟ್ಟರೆ ಮತ್ತೇನನ್ನೂ ಅದು ಹಿಡಿಯುತ್ತಿರಲಿಲ್ಲ.

ಆಮೇಲೆ ಮನೆಮನೆಗೂ ಮೊಬೈಲು ಬಂತು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದ ನನ್ನ ಮಗ, ಅಂದರೆ ನಿಮ್ಮ ಮಾವ, ನನಗೊಂದು ಸಣ್ಣ ಫೋನು ತಂದುಕೊಟ್ಟ. ಸಂಜೆ ಮಗ್ಗ ನಿಂತ ಮೇಲೆ ಮಗಳಿಗೆ ಹಚ್ಚುತ್ತಿದ್ದೆ. ನಾದಿನಿ ಎದುರು ಬಂದು ಕುಳಿತು ನನ್ನ ತುಟಿಯನ್ನೇ ನೋಡುತ್ತಿದ್ದಳು. ಫೋನು ಇಟ್ಟ ಮೇಲೆ, "ಏನಂದಳು?" ಎಂದು ಕೈ ತಿರುಗಿಸುತ್ತಿದ್ದಳು. ನಾನು, "ಆರಾಮ ಇದ್ದಾಳೆ," ಎಂದು ಎದೆ ಸವರಿ ತೋರಿಸುತ್ತಿದ್ದೆ. ಅಷ್ಟು ಹೊತ್ತಿನ ಮಾತಿಗೆ ಇಷ್ಟೇನಾ ಎಂಬಂತೆ ಅವಳು ನನ್ನನ್ನು ನೋಡುತ್ತಿದ್ದಳು.

ಆ ಊರಿನಲ್ಲಿ ರೇಂಜಿನದು ಮೊದಲಿನಿಂದಲೂ ಗೋಳು. ಫೋನಿನ ಮೂಲೆಯಲ್ಲಿ ಒಂದು ಕಡ್ಡಿ ಬಂದರೆ ಎರಡು ಹೋಗುತ್ತಿದ್ದವು. ನಿಮ್ಮ ಅವ್ವ ಮಾಳಿಗೆ ಹತ್ತಿ, "ಹಲೋ, ಅವ್ವಾ, ಕೇಳಸವಲ್ದು, ರೇಂಜ್ ಇಲ್ಲಬೇ," ಎನ್ನುತ್ತಿದ್ದಳು. ಕೊನೆಗೆ ಊರಿಗೆ ಹತ್ತಿರವೇ ಒಂದು ಟವರು ಎದ್ದಿತು. ನಿಮ್ಮ ಅಪ್ಪ ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಮಾತಾಡಿದರೆ ಅವರ ದನಿ ನಮ್ಮ ಪಡಸಾಲೆಯಲ್ಲೇ ಕುಳಿತು ಮಾತಾಡಿದಷ್ಟು ಸ್ವಚ್ಛ. ಅದೇ ಮನೆ, ಅದೇ ಕಟ್ಟೆ, ನಿಮ್ಮ ಅವ್ವ ಎತ್ತಿದರೆ ಮಾತ್ರ, "ಹಲೋ, ಏನಂದಿ? ಜ್ವಾರಾಗಿ ಹೇಳು." ದೊಡ್ಡವಳೇ, ನೀನು ಆಗ ಇನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಫೋನು ಬಂದರೆ ನಿನ್ನ ಕೈಗೇ ಕೊಟ್ಟುಬಿಡುತ್ತಿದ್ದಳು. "ಆಯೀ, ಅವ್ವ ಇಲ್ಲೇ ಅದಾಳ, ನನಗ ಮಾತಾಡಂತಾಳ," ಎಂದು ನೀನು ಈ ಅಜ್ಜಿಗೆ ಹೇಳುತ್ತಿದ್ದೆ.

ನಾವು ಏನು ಮಾಡಿದೆವು ಗೊತ್ತೇ? ಅಳಿಯಂದಿರ ಸಿಮ್ಮಿನ ಕಂಪನಿ ಒಳ್ಳೆಯದು, ಮಗಳದ್ದು ಕೆಟ್ಟದ್ದು ಎಂದುಕೊಂಡೆವು. ಅವಳಿಗೂ ಅದೇ ಕಂಪನಿಯದು ಕೊಡಿಸಿದೆವು. ಮತ್ತೆ ಅದೇ ಹಲೋ. ಆಮೇಲೆ ಹಸಿರು ಬೋರ್ಡಿನ ಇನ್ನೊಂದು ಕಂಪನಿಯದು. ಅದೂ ಆಗಲಿಲ್ಲ. ಫೋನೇ ಕೆಟ್ಟಿದೆ ಎಂದು ಅದನ್ನೂ ಬದಲಿಸಿದೆವು. ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯವನು ನನ್ನನ್ನು ಕಂಡರೆ ಕೈ ಮುಗಿಯುತ್ತಿದ್ದ. "ಅಕ್ಕಾರ, ಇದ್ದ ಕಂಪನಿ ಎಲ್ಲಾ ಮುಗದ್ವು. ಇನ್ನ ನಿಮ್ಮ ಮಗಳ ಸಲುವಾಗಿ ನಾನ ಒಂದ ಟವರ್ ಹಾಕಬೇಕ ನೋಡ್ರಿ." ನಾನು ಸೆರಗು ಎಳೆದುಕೊಂಡು ನಕ್ಕು ಬಂದೆ. ನಮ್ಮ ಊರಿನಲ್ಲಿ ಅರ್ಧ ಜನಕ್ಕೆ ಮಗ್ಗದ ಸದ್ದಿನಿಂದ ಕಿವಿ ಮಂದ. ಫೋನಿನಲ್ಲಿ ಒದರುವುದು, ಎರಡೆರಡು ಸಲ ಕೇಳುವುದು ನಮಗೆ ಹೊಸತಲ್ಲ. ಬೇರೆ ಯಾವ ಊರಿನವರಾಗಿದ್ದರೂ ಬೇಗ ಅನುಮಾನ ಪಡುತ್ತಿದ್ದರೇನೋ. ನಮಗೆ ಬರಲಿಲ್ಲ.

ಅದೇ ಸುಮಾರಿಗೆ ಬೆರಳಿನಿಂದ ಸವರುವ ಫೋನುಗಳು ಬಂದವು. ಊಟದ ಬಿಡುವಿನಲ್ಲಿ ನಿಮ್ಮ ಮಾವ ಮತ್ತು ಶೆಡ್ಡಿನವರು ಫೋನುಗಳನ್ನು ಸಾಲಾಗಿ ಇಟ್ಟು ಪಂದ್ಯ ಹಚ್ಚುತ್ತಿದ್ದರು. ಎಲ್ಲದರಲ್ಲೂ ಒಂದೇ ಭಜನೆಯ ವಿಡಿಯೊ ಹಚ್ಚುವುದು, ಯಾರ ಫೋನಿನಲ್ಲಿ ತಿರುಗುವ ಚಕ್ರ ಮೊದಲು ನಿಲ್ಲುತ್ತದೆ ಎಂದು ನೋಡುವುದು. ಬೈಕಿನ ಮೀಟರಿನಂತೆ ಮುಳ್ಳು ಓಡಿ ಸ್ಪೀಡು ತೋರಿಸುವ ಒಂದು ಆಟವೂ ಇತ್ತು. "ನೋಡಲೇ, ನಂದು ಕಡ್ಡಿ ಫುಲ್!" ಎಂದು ಒಬ್ಬ. "ಕಡ್ಡಿ ತಗೊಂಡ ಹಲ್ಲ ತಿಕ್ಕಿಕೋ, ಚಕ್ರಾ ಇನ್ನೂ ತಿರಗಾಕತ್ತೈತಿ," ಎಂದು ಇನ್ನೊಬ್ಬ.

ನಾದಿನಿ ಗೋಡೆಗೆ ಅಂಗೈ ಆನಿಸಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಅವರಲ್ಲೊಬ್ಬ ರಬಕವಿಯಲ್ಲಿದ್ದ ತನ್ನ ಹೆಂಡತಿಗೆ ವಿಡಿಯೊ ಕಾಲ್ ಹಚ್ಚಿದ. ಪರದೆಯ ಮೇಲೆ ಆಕೆ ತಲೆ ಬಾಚುತ್ತಾ ಕೈ ಬೀಸಿದಳು. ನನ್ನ ನಾದಿನಿ ಆ ಫೋನನ್ನು ಅವನ ಕೈಯಿಂದ ಕಿತ್ತುಕೊಂಡಳು. ಆಕೆಯ ಕೈ ಬೀಸಾಟವನ್ನು ನೋಡಿದಳು, ಫೋನಿನ ಹಿಂಭಾಗ ತಿರುಗಿಸಿ ನೋಡಿದಳು, ಆಮೇಲೆ ನಿಮ್ಮ ಮಾವನ ಕಡೆ ತಿರುಗಿ ಗಲ್ಲದ ಕುಳಿಗೆ ಬೆರಳಿಟ್ಟಳು. ನಿಮ್ಮ ಅವ್ವ. ನಿಮ್ಮ ಅವ್ವ ಇದರಲ್ಲಿ ಬೇಕು. ಅವಳ ಗಂಟಲಿನಿಂದ ಎಂದೂ ಕೇಳದಂಥ ಒಂದು ಸದ್ದು ಬಂತು. ಶೆಡ್ಡಿನವರು ಹೆದರಿ ಎದ್ದು ನಿಂತರು.

ಆ ದಿನದಿಂದ ಅವಳು ನಿಮ್ಮ ಮಾವನನ್ನು ಬಿಡಲಿಲ್ಲ. ಯಾವ ಸಿಮ್ಮು ಒಳ್ಳೆಯದೆಂದು ಅವಳು ಯಾರ ಮಾತನ್ನೂ ನಂಬಲಿಲ್ಲ. ಕಡ್ಡಿಗಳನ್ನು ತೋರಿಸಿದರೆ ಕೈ ಕೊಡವುತ್ತಿದ್ದಳು. ಮುಳ್ಳು ಓಡಿದ್ದನ್ನು ತೋರಿಸಿದರೆ ನಗುತ್ತಿದ್ದಳು. ತನ್ನದೇ ಒಂದು ಪರೀಕ್ಷೆ ಮಾಡಿದಳು. ನೂಲು ಹರಿದಾಗ ನೇಕಾರರು ಹಾಕುವ ಗಂಟು ಇದೆಯಲ್ಲ, ಎಳ್ಳುಕಾಳಿನಷ್ಟು ಸಣ್ಣದು, ಕಣ್ಣು ಮಿಟುಕಿಸುವಷ್ಟರಲ್ಲಿ ಹಾಕಿ ಮುಗಿಸುತ್ತಾರೆ. ನಿಮ್ಮ ಮಾವನನ್ನು ಓಣಿಯ ತುದಿಯ ಬೋರಿನ ಹತ್ತಿರ ಕಳಿಸಿ, ವಿಡಿಯೊ ಹಚ್ಚಿಸಿ, ಅವನ ಕೈಯಿಂದ ಆ ಗಂಟು ಹಾಕಿಸಿದಳು. ತಾನು ಮನೆಯಲ್ಲಿ ಕುಳಿತು ನೋಡಿದಳು. ನೂಲು ಯಾವ ಬೆರಳಿನ ಕೆಳಗೆ ಹೋಯಿತು, ಎಲ್ಲಿ ಮೇಲೆ ಬಂತು ಎಂಬುದು ಕಾಣಬೇಕು. ಕಂಡರೆ ಪಾಸು.

ಮೊದಲನೆಯದು, ಕಡ್ಡಿ ತುಂಬಿದ್ದ ಫೋನು. ನಿಮ್ಮ ಮಾವನ ಬೆರಳುಗಳು ಹಾಲಿನಲ್ಲಿ ನೆನೆದ ರೊಟ್ಟಿಯ ಚೂರಿನಂತೆ ಕಾಣುತ್ತಿದ್ದವು. ಎರಡನೆಯದರಲ್ಲಿ ಚಿತ್ರ ಚೆನ್ನಾಗಿತ್ತು, ಆದರೆ ಅವನು ಗಂಟು ಹಾಕಿ, ಬೇಸತ್ತು, ಮನೆಗೆ ಬಂದು ನಿಂತ ಮೇಲೂ ಪರದೆಯ ಮೇಲೆ ಇನ್ನೂ ಗಂಟು ಹಾಕುತ್ತಲೇ ಇದ್ದ. ಅವಳು ಒಮ್ಮೆ ಪರದೆಯನ್ನು, ಒಮ್ಮೆ ಬಾಗಿಲಲ್ಲಿ ನಿಂತವನನ್ನು ನೋಡಿ ಹಣೆ ಬಡಿದುಕೊಂಡಳು. "ಯವ್ವಾ, ನಿನ್ನ ನಾದಿನಿಗೆ ಹೇಳು, ಮಂದಿ ನನ್ನ ಹುಚ್ಚ ಅನ್ನಾಕತ್ತಾರ," ಎಂದ ನಿಮ್ಮ ಮಾವ. ನಾನು ಏನು ಹೇಳಲಿ? ಅವಳು ಆಗಲೇ ಮೂರನೆಯ ಸಿಮ್ಮಿಗೆ ಯಾರನ್ನೋ ಎಳೆದು ತಂದಿದ್ದಳು. ಅದು ಹೊಸದಾಗಿ ಬಂದ ಫೋರ್‌ಜಿ ಸಿಮ್ಮು. ಅದರಲ್ಲಿ ಗಂಟು ಕಂಡಿತು. ಅದೇ ಕಂಪನಿಯ ಎರಡು ಸಿಮ್ಮು ಮತ್ತು ಒಂದು ಫೋನನ್ನು ತನ್ನ ಕಂಡಿಕಿಯ ದುಡಿಮೆಯಲ್ಲಿ ಕೊಂಡಳು. ಅಲ್ಲಿ ನಿಮ್ಮ ಅವ್ವನಿಗೆಂದು ನಿಮ್ಮ ಅಪ್ಪ ಅಂಥದೇ ಒಂದು ಫೋನು ತಂದಿಟ್ಟಿದ್ದರು. ಸಿಮ್ಮನ್ನು ನಿಮ್ಮ ಮಾವ ಬೀಳಗಿಗೆ ಹೋಗಿ ಹಾಕಿಕೊಟ್ಟು ಬಂದ.

ಮೊದಲ ದಿನ ನಾದಿನಿ ಫೋನನ್ನು ಕಂಡಿಕಿ ಬುಟ್ಟಿಗೆ ಆನಿಸಿಟ್ಟಳು. ಅಲ್ಲಿ ನಿಮ್ಮ ಅವ್ವ ತನ್ನದನ್ನು ಕಡಾಯಿಗೆ ಆನಿಸಿದ್ದಳು. ನಾಲ್ಕು ಕೈಗಳೂ ಬಿಡುವಾದವು. ಆಮೇಲೆ ನಾನು ನೋಡಿದ್ದನ್ನು ಹೇಗೆ ಹೇಳಲಿ! ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕುಳಿತವಳ ಗುರುತೇ ನನಗೆ ಸಿಗಲಿಲ್ಲ. ಅವಳು ಬೈದಳು, ಅಣಕಿಸಿದಳು, ಯಾರದೋ ನಡಿಗೆಯನ್ನು ಎರಡು ಬೆರಳಿನಲ್ಲಿ ನಡೆದು ತೋರಿಸಿದಳು. ನಿಮ್ಮ ಅವ್ವ ಕಣ್ಣೀರು ಬರುವಂತೆ ನಕ್ಕಳು. ಮಾತುಮಾತಿಗೆ ಆ ಸೆರಗು ಎಳೆಯುವ ಗುರುತು ಬರುತ್ತಿತ್ತು.

"ಏನಂತಾಳೋ ನನ್ನ ಬಗ್ಗೆ?" ಎಂದು ನಿಮ್ಮ ಮಾವನನ್ನು ಕೇಳಿದೆ.

"ಉಪ್ಪಿಟ್ಟಿಗೆ ಉಪ್ಪ ಹಾಕೂದ ಮರತು, ಯಾರೂ ಅನಬಾರದಂತ ಎಲ್ಲಾರಿಗೂ ಎರಡೆರಡ ಹಪ್ಪಳಾ ಕೊಟ್ಟಿಯಂತ," ಎಂದ.

ನನಗೆ ದಿಗಿಲಾಯಿತು. ಉಪ್ಪು ಮರೆತದ್ದು ನಿಜ, ಹಪ್ಪಳ ಕೊಟ್ಟದ್ದೂ ನಿಜ, ಯಾಕೆ ಕೊಟ್ಟೆ ಎಂಬುದು ನನ್ನ ಮನಸ್ಸಿನಲ್ಲಿ ಮಾತ್ರ ಇತ್ತು. ಇವಳು ನಮ್ಮನ್ನೆಲ್ಲ ಇಷ್ಟು ಒಳಗಿನಿಂದ ನೋಡುತ್ತಿದ್ದಳೇ?

ಹೀಗೆ ಕೆಲವು ದಿನ ನಡೆಯಿತು. ಒಂದು ಸಂಜೆ ವಿಡಿಯೊ ಮುಗಿದ ಮೇಲೆ ಅವಳು ಎಂದಿನಂತೆ ನಗಲಿಲ್ಲ. ಎದ್ದು ಬಂದು ನನ್ನ ಎದುರು ಕುಳಿತಳು. ಗಲ್ಲದ ಕುಳಿಗೆ ಬೆರಳಿಟ್ಟಳು. ಆಮೇಲೆ ಕಿವಿ ಮುಟ್ಟಿದಳು. ಆಮೇಲೆ ತೆರೆದಿದ್ದ ಕೈಯನ್ನು ಮೆಲ್ಲಗೆ ಮುಷ್ಟಿ ಮಾಡಿದಳು.

ನಾನು ಆ ಮುಷ್ಟಿಯನ್ನು ಹೊಡೆದು ಕೆಳಗಿಳಿಸಿದೆ. "ಥೂ! ಬಿಡ್ತು ಅನ್ನು! ಏನ್ ಮಾತಿದು!" ಎಂದು ಬಾಯಿಬಿಟ್ಟು ಬೈದೆ. ಅವಳಿಗೆ ಕೇಳುವುದಿಲ್ಲ ಎಂಬುದೂ ನೆನಪಾಗಲಿಲ್ಲ. ಅವಳು ನನ್ನ ಮುಂಗೈ ಹಿಡಿದು ಮತ್ತೆ ತೋರಿಸತೊಡಗಿದಳು, ನನಗೆ ತಿಳಿಯುವಂತೆ, ನಿಧಾನವಾಗಿ. ನಿಮ್ಮ ಅವ್ವನ ಹಿಂದೆ ತೊಟ್ಟಿಲಲ್ಲಿ ಸಣ್ಣವನು ಬಾಯಿ ತೆರೆದು ಅಳುತ್ತಿದ್ದ, ಅವಳು ತಿರುಗಲಿಲ್ಲ. ಕುಕ್ಕರಿನಿಂದ ಬಿಳಿ ಹಬೆ ಭುಸ್ಸೆಂದು ಮೇಲೆ ಹಾರಿತು, ತಿರುಗಲಿಲ್ಲ. ಅತ್ತೆ ಬಂದು ಪಕ್ಕದಲ್ಲಿ ನಿಂತು ಏನೋ ಅಂದಾಗ, ಅವರ ಕಣ್ಣು ನೋಡದೆ ತುಟಿ ನೋಡಿದಳು. ತುಟಿ ನೋಡಿದಳು ಎಂಬುದನ್ನು ನಾದಿನಿ ತನ್ನ ತುಟಿಯ ಮೇಲೆ ಬೆರಳಿಟ್ಟು ಎರಡು ಸಲ ತೋರಿಸಿದಳು. ಕೂಸು ಬಾಯಿ ತೆರೆದರೆ ಕಿವಿ ಇದ್ದ ತಾಯಿ ತಿರುಗುತ್ತಾಳೆ. ಅದನ್ನು ಅವಳು ಜನ್ಮವಿಡೀ ನೋಡುತ್ತಲೇ ಬಂದಿದ್ದಳು.

ನನಗೆ ನಂಬಿಕೆ ಬರಲಿಲ್ಲ. ನಿನ್ನೆ ಮೊನ್ನೆಯೂ ನನ್ನೊಡನೆ ಫೋನಿನಲ್ಲಿ ಮಾತಾಡಿದ ಮಗಳು! ಮಾತಾಡಿದ್ದಾಳೆಯೇ? ನೆನಪು ಮಾಡಿಕೊಂಡೆ. ತನ್ನದೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದಳು, ನಾನು ಏನಾದರೂ ಕೇಳುವ ಹೊತ್ತಿಗೆ ರೇಂಜು ಹೋಗುತ್ತಿತ್ತು. ಯಾವಾಗಲೂ ನಾನು ಕೇಳುವ ಹೊತ್ತಿಗೇ ಹೋಗುತ್ತಿತ್ತು.

ಮರುದಿನ ಸಂಜೆ ನಾದಿನಿ ನನ್ನನ್ನು ಫೋನಿನ ಹಿಂದೆ, ಚಿತ್ರದಲ್ಲಿ ಬೀಳದಂತೆ ನಿಲ್ಲಿಸಿದಳು. ಕರೆ ಎಂದು ಸನ್ನೆ ಮಾಡಿದಳು. ಅತ್ತ ನಿಮ್ಮ ಅವ್ವ ಗೋಡೆಗೊರಗಿ ಕುಳಿತಿದ್ದಳು, ಅವಳ ಹಿಂದೆ ನಿಮ್ಮ ಅಪ್ಪ ಚಹಾ ಕುಡಿಯುತ್ತಿದ್ದರು. ನಾನು ಮಗಳ ಹೆಸರು ಹಿಡಿದು ಕರೆದೆ. ಅವಳು ನಗುನಗುತ್ತಾ ನಾದಿನಿಗೆ ಏನೋ ತೋರಿಸುತ್ತಲೇ ಇದ್ದಳು. ಇನ್ನೂ ಜೋರಾಗಿ ಕರೆದೆ. ಜೀವಮಾನದಲ್ಲಿ ನಾನು ಅಷ್ಟು ಜೋರಾಗಿ ಒದರಿರಲಿಲ್ಲ.

ನಿಮ್ಮ ಅಪ್ಪ ತಲೆ ಎತ್ತಿದರು. "ಏನ್ರೀ ಅತ್ತಿಯವರ, ಹಿಂಗ ಒದರಾಕತ್ತೀರಿ! ನಾವೇನ ಹೊಳಿ ಆಚಿ ದಂಡಿಮ್ಯಾಲ ಅದೀವೇನ್ರಿ?" ಎಂದು ನಕ್ಕರು. ಹೆಂಡತಿಯ ಬೆನ್ನಿಗೆ, "ಏ, ನಿಮ್ಮವ್ವಾರು ಕರಿಯಾಕತ್ತಾರ ನೋಡು," ಎಂದರು. ಅವಳು ತಿರುಗಲಿಲ್ಲ. "ಏ, ನಿನಗ," ಎಂದರು. ತಿರುಗಲಿಲ್ಲ. ಅವರ ಮುಖದ ನಗು ಅಲ್ಲಿಯೇ ನಿಂತಿತು. ಕಪ್ಪನ್ನು ನೆಲಕ್ಕಿಟ್ಟರು. ನಾದಿನಿಯ ಕೈ ನಿಂತದ್ದನ್ನು ಕಂಡ ಮೇಲೆಯೇ ನಿಮ್ಮ ಅವ್ವ ಹಿಂದೆ ನೋಡಿದ್ದು.

ನನ್ನ ದನಿ ಬನಹಟ್ಟಿಯಿಂದ ಆ ಮ‌ನೆಯವರೆಗೂ ಸರಾಗವಾಗಿ ಹೋಗಿತ್ತು. ಸಿಮ್ಮಿನಲ್ಲಿ ಯಾವ ದೋಷವೂ ಇರಲಿಲ್ಲ. ಎಂದೂ ಇರಲಿಲ್ಲ. ನಾನು ಫೋನಿನ ಮುಂದಕ್ಕೆ ಬಂದು ಕುಳಿತೆ.

ನಿಮ್ಮ ಅವ್ವ ಅಳುತ್ತಾ ಬಾಯಿಂದಲೇ ಹೇಳಿದಳು. "ಮದಲ ನಾನೂ ರೇಂಜ್ ಇಲ್ಲಂತ ತಿಳದಿದ್ನವ್ವಾ. ಆಮ್ಯಾಲ ಗೊತ್ತಾತು. ಹೆಂಗ ಹೇಳ್ಲಿ? ಇವರು ಮದವಿಗಿ ಮದಲ ಕೇಳಿದ್ದು ಅದೊಂದ ಮಾತಲ್ಲ?" ಶೆಡ್ಡಿನಲ್ಲಿ ಬೆಳೆದವಳು. ತುಟಿ ನೋಡಿ ಮಾತು ಹಿಡಿಯುವುದು ಅವಳಿಗೆ ಹಾಲು ಕುಡಿದಷ್ಟು ಸಲೀಸು. ಅದರಿಂದಲೇ ಅಷ್ಟು ದಿನ ಒಂದೇ ಮನೆಯಲ್ಲಿ ಎಲ್ಲರ ಕಣ್ಣು ತಪ್ಪಿಸಿದ್ದಳು. ಗಂಡ, "ಇಕೀಗಿ ಧ್ಯಾನ ಇರೂದಿಲ್ಲ," ಎಂದುಕೊಂಡಿದ್ದರು, ಅಷ್ಟೇ.

ಮರುದಿನ ಬೆಳಿಗ್ಗೆಯೇ ನಾನೂ ನಾದಿನಿಯೂ ಜಮಖಂಡಿ ಮೇಲೆ ಹಾಯ್ದು ಹೋದೆವು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ, ಮಗಳನ್ನು ತವರಿಗೆ ಕಳಿಸಿಬಿಟ್ಟರೆ? ಎರಡು ಕೂಸುಗಳ ತಾಯಿ. ಆ ಮನೆಯಲ್ಲಿ ಎಲ್ಲರೂ ಪಡಸಾಲೆಯಲ್ಲೇ ಕುಳಿತಿದ್ದರು. ನಾದಿನಿ ಯಾರನ್ನೂ ನೋಡಲಿಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ ಒಂದು ಸ್ಟೀಲಿನ ತಾಟು ತಂದು, ಆಡುತ್ತಿದ್ದ ನಿನ್ನ ಬೆನ್ನ ಹಿಂದೆ ನಿಂತು ಕಲ್ಲಿನ ನೆಲದ ಮೇಲೆ ಬಿಟ್ಟಳು. ನೀನು ಕಿಟಾರನೆ ಕಿರುಚಿದೆ. ತಾಟು ಎತ್ತಿಕೊಂಡು ತೊಟ್ಟಿಲ ಹತ್ತಿರ ಹೋದಳು. ಮತ್ತೆ ಬಿಟ್ಟಳು. ಮಲಗಿದ್ದ ಸಣ್ಣವನು ಬೆಚ್ಚಿ ಕೈಕಾಲು ಕುಣಿಸಿ ಅಳತೊಡಗಿದ. ಅವಳು ಅವನನ್ನು ಎತ್ತಿ ಎದೆಗೆ ಒತ್ತಿಕೊಂಡು ಕುಣಿದಳು. ಮನೆಯವರೆಲ್ಲ ಇವಳಿಗೆ ತಲೆ ಕೆಟ್ಟಿತೆಂದುಕೊಂಡರು. ನಿಮ್ಮಿಬ್ಬರ ಕಿವಿ ಚೆನ್ನಾಗಿವೆಯೇ ಎಂದು ಅವಳು ನೋಡಿದ್ದು ನನಗೂ ಆಮೇಲೆಯೇ ಹೊಳೆಯಿತು.

ನಿಮ್ಮ ಅಪ್ಪನ ಅವ್ವ, ನನ್ನ ಬೀಗತಿ, ಸುಮ್ಮನಿರಲಿಲ್ಲ. "ಆವಾಗ ಕೇಳಿದ್ವಿ, ಜ್ವರಾ ಬಂದ ಹೋಗ್ಯಾವ ಅಂದ್ರಿ. ನಿಮ್ಮ ಮನ್ಯಾಗಿನ ಹೆಣ್ಮಕ್ಕಳಿಗೆಲ್ಲಾ ಅದ ಒಂದ ಜ್ವರಾ ಬರತೈತೇನ್ರಿ? ಕರಕೊಂಡ ಹೋಗ್ರಿ ನಿಮ್ಮ ಮಗಳನ್ನ," ಎಂದರು. ಏನೆಂದರು ಎಂದು ನಾದಿನಿ ನನ್ನನ್ನು ಕೇಳಿದಳು. ನಾನು, "ಚಹಾ ಬೇಕೇ ಎನ್ನುತ್ತಿದ್ದಾರೆ," ಎಂದು ತೋರಿಸಿದೆ. ಅವಳು ಬೀಗತಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕೂಸನ್ನು ಬೀಗತಿಯ ತೊಡೆಯ ಮೇಲೆ ಹಾಕಿ, ಸೆರಗು ಸಿಕ್ಕಿಸಿ, ಒಲೆಯ ಮುಂದೆ ಹೋಗಿ ಕುಳಿತು ಜೋಳದ ಹಿಟ್ಟು ನಾದತೊಡಗಿದಳು. ಅಂದರೆ ತಾನಿನ್ನು ಇಲ್ಲೇ.

ಆಗ ನಿಮ್ಮ ಅಪ್ಪ ಮಾತಾಡಿದರು. "ಅವ್ವಾ, ನೀನೂ ಈಗ ಎರಡ ಸಲ ಒದರಿದ್ರ ಒಂದ ಸಲ ಓ ಅಂತಿ. ನಿನ್ನ ಎಲ್ಲಿ ಬಿಟ್ಟ ಬರ್ಲಿ ಹೇಳು?"

ನಿಮ್ಮ ಅಪ್ಪ ಎದ್ದು ಒಲೆಯ ಹತ್ತಿರ ಹೋಗಿ ನಾದಿನಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತರು. ಹೆಂಡತಿಯನ್ನು ತೋರಿಸಿ, ಕರೆಯುವಂತೆ ಕೈ ಮಾಡಿ, ಹೇಗೆ ಎಂದು ಕೇಳಿದರು. ಅವಳು ಹಿಟ್ಟಿನ ಕೈಯಿಂದ ನೆಲ ತೋರಿಸಿ, ಕಾಲಿನಿಂದ ಬಡಿದು ತೋರಿಸಿದಳು. ಅವರು ಬಡಿದರು. ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ನಿಮ್ಮ ಅವ್ವ ತಿರುಗಿ ನೋಡಿದಳು. ಅವ್ವನನ್ನು ಕರೆಯಲು ನೀವಿಬ್ಬರೂ ನೆಲ ಬಡಿಯುತ್ತೀರಲ್ಲ, ಅದು ಆ ಮನೆಗೆ ಬಂದದ್ದು ಆ ಹೊತ್ತಿನಲ್ಲಿ.

ಬಾಗಲಕೋಟೆಯ ಡಾಕ್ಟರು, ಕಿವಿಯ ನರ ಸೋಲುತ್ತಾ ಬಂದಿದೆ, ಹೋದದ್ದು ಮರಳುವುದಿಲ್ಲ ಎಂದರು. ಮನೆತನದಲ್ಲಿ ಇದ್ದಿರಬಹುದು ಎಂದೂ ಅಂದರು. ಒಂದು ಕಿವಿಗೆ ಮಶೀನು ಹಾಕಿದರು. ಅದರಿಂದ ಬಾಗಿಲು ಬಡಿದದ್ದು, ನಾಯಿ ಬೊಗಳಿದ್ದು ಕೇಳುತ್ತದೆ, ಮಾತು ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ನಾದಿನಿ ಆ ಮನೆಯಲ್ಲಿ ಕಬ್ಬಿನ ಹಂಗಾಮು ಮುಗಿಯುವವರೆಗೂ ಉಳಿದಳು. ಮೊದಲು ನಿಮ್ಮ ಅಪ್ಪನಿಗೆ, ಆಮೇಲೆ ನಿನಗೆ ಕಲಿಸಿದಳು. ನೀನು ಕಲಿತದ್ದನ್ನು ತಮ್ಮನಿಗೆ ಕಲಿಸಿದೆ. ಬೀಗತಿ ಮೊದಮೊದಲು ಮುಖ ತಿರುಗಿಸುತ್ತಿದ್ದರು. ನಾನು ಕರೆತರಲು ಹೋದಾಗ ಇಬ್ಬರೂ ಒಲೆಯ ಎರಡು ಬದಿಗೆ ಕುಳಿತು, ರೊಟ್ಟಿ ದಪ್ಪವಾಯಿತೆಂದು ಒಬ್ಬರು, ತೆಳ್ಳಗಾಯಿತೆಂದು ಇನ್ನೊಬ್ಬರು, ಕೈ ಕೈಯಲ್ಲೇ ಜಗಳಾಡುತ್ತಿದ್ದರು. ಬೀಗತಿಯ ಕೈಯೂ ಸುಮಾರು ತಿರುಗುತ್ತಿತ್ತು. "ಅಕ್ಕಾರ, ಇಕೀನ ಇನ್ನೊಂದ ನಾಕ ದಿನಾ ಬಿಟ್ಟ ಹೋಗ್ರಿ," ಎಂದರು.

ಬನಹಟ್ಟಿಗೆ ಮರಳಿದ ಮೇಲೂ ದಿನ ಸಂಜೆ ವಿಡಿಯೊ ತಪ್ಪಲಿಲ್ಲ. ನನ್ನನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಿದ್ದಳು. ನನ್ನ ಕೈ ತಪ್ಪಿದರೆ ಬೆರಳನ್ನು ಹಿಡಿದು ತಿದ್ದುತ್ತಿದ್ದಳು, ನೋವಾಗುವಷ್ಟು ಬಿಗಿಯಾಗಿ. ನಾನು ಮುಖದ ಮುಂದೆ ಸಣ್ಣದಾಗಿ ಕೈ ಆಡಿಸಿದರೆ ಅವಳಿಗೆ ಸಿಟ್ಟು. ಬೆಳಕಿನಲ್ಲಿ ಕುಳಿತುಕೋ, ಎದೆಯ ಮಟ್ಟಕ್ಕೆ ಹಿಡಿ, ದೊಡ್ಡದಾಗಿ ಹೇಳು. ಪರದೆ ಬಿಟ್ಟು ಬೇರೆ ಯಾರೂ ನೋಡುವುದಿಲ್ಲ ಎಂದು ನಾನು ಮೆಲ್ಲಗೆ ಕಲಿಯತೊಡಗಿದ್ದೆ.

ಒಂದು ಮಧ್ಯಾಹ್ನ ಊಟ ಮಾಡಿ, ತಾಟು ತೊಳೆದಿಟ್ಟು, ಸ್ವಲ್ಪ ಒರಗುತ್ತೇನೆ ಎಂದು ತೋರಿಸಿ ಮಲಗಿದವಳು ಏಳಲಿಲ್ಲ. ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಲೇ ಇದ್ದವು. ನಿಮ್ಮ ಮಾವನನ್ನು ಕರೆದು ಅವನ್ನು ನಿಲ್ಲಿಸಿದೆ. ನಿಮ್ಮ ಅಪ್ಪ ಪಾಳಿಯ ಮೇಲಿದ್ದರು, ಫೋನು ಎತ್ತಲಿಲ್ಲ. ಮಗಳಿಗೆ ಫೋನಿನಲ್ಲಿ ಹೇಳುವ ಹಾಗಿಲ್ಲ. ಬೇರೆಯವರ ತುಟಿಯಿಂದ ಅವಳು ಇದನ್ನು ಓದುವುದು ನನಗೆ ಬೇಡವಾಗಿತ್ತು. ನಾನೇ ವಿಡಿಯೊ ಹಚ್ಚಿದೆ.

ಇಷ್ಟು ವರ್ಷ ಒಂದು ಕಡ್ಡಿ ಹೆಚ್ಚು ಬರಲಿ ಎಂದು ಮೊಬೈಲ್ ಅಂಗಡಿಗೆ ಅಲೆದವಳು ನಾನು. ಆ ದಿನ ಮಾತ್ರ ಚಕ್ರ ತಿರುಗುತ್ತಲೇ ಇರಲಿ, ಚಿತ್ರ ಬರದೇ ಹೋಗಲಿ ಎಂದು ಬೇಡಿಕೊಂಡೆ. ಅದು ಒಂದೇ ಸಲಕ್ಕೆ ಹತ್ತಿತು. ನಿಮ್ಮ ಅವ್ವ ಒದ್ದೆ ಕೂದಲು ಒರೆಸಿಕೊಳ್ಳುತ್ತಾ ನಗುತ್ತಾ ಬಂದಳು. ಹೊತ್ತಲ್ಲದ ಹೊತ್ತು, ಎದುರಿಗೆ ನಾನೊಬ್ಬಳೇ. ಅವಳ ಕೈ ಕೂದಲಿನಲ್ಲೇ ನಿಂತಿತು.

ನಾನು ಬೆಳಕಿಗೆ ಸರಿದು ಕುಳಿತೆ. ಮೂಗಿನ ನತ್ತಿನ ಜಾಗಕ್ಕೆ ಬೆರಳು ಮುಟ್ಟಿಸಿದೆ. ಅದು ನಾದಿನಿ ತನಗೆ ತಾನೇ ಇಟ್ಟುಕೊಂಡಿದ್ದ ಗುರುತು. ಅದರ ಮುಂದೆ ಏನು ತೋರಿಸಬೇಕೋ ನನಗೆ ಬರುತ್ತಿರಲಿಲ್ಲ. ಆ ಒಂದನ್ನು ಅವಳು ನನಗೆ ಕಲಿಸಿರಲಿಲ್ಲ. ಬೆರಳನ್ನು ಮೂಗಿನ ಮೇಲೆಯೇ ಇಟ್ಟುಕೊಂಡು ಕುಳಿತೆ. "ಮುಂದ, ಅವ್ವಾ?" ಎಂದು ಅವಳು ಬಾಯಿಂದ ಕೇಳಿದಳು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳಿಗೆ ತಿಳಿದಿತ್ತು.

ಅವಳು ಎರಡೂ ಕೈ ಎತ್ತಿ, ನನಗೆ ತಿಳಿಯಲೆಂದು ನಿಧಾನವಾಗಿ ಕೇಳಿದಳು: ಉಂಡಿದ್ದಳೇ?

ಅದು ನನಗೆ ಬರುತ್ತಿತ್ತು. ಉಂಡಿದ್ದಳು ಎಂದು ತೋರಿಸಿದೆ. ಏನು ಎಂದು ಕೇಳಿದಳು. ಒಂದೊಂದಾಗಿ ಹೇಳುತ್ತಾ ಹೋದೆ, ಎದೆಯ ಮಟ್ಟಕ್ಕೆ ಕೈ ಹಿಡಿದು, ದೊಡ್ಡದಾಗಿ: ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು, ಕೊನೆಗೆ ಬಾಯಿಗೆ ಒಂದು ಚೂರು ಬೆಲ್ಲ. ಚಿತ್ರ ಎಲ್ಲಿಯೂ ನಿಲ್ಲಲಿಲ್ಲ.